ನಾಡ ಗಟ್ಟಿಮರಗಳನ್ನು ಬೆಳೆಸಲು ದಾನದ ಹಣ

ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಬಳೆ ತಯಾರಿಕೆಯನ್ನು ತನ್ನ ಪ್ರವಾಸದ ಬರಹದಲ್ಲಿ ವಿವರಿಸಿದ್ದಾನೆ. ಗಾಜು ಕರಗಬೇಕಾದರೆ ಕುಲುಮೆ ಹಗಲಿರುಳು ಉರಿಯಬೇಕು. ಕುಲುಮೆ ಉರಿಯಬೇಕಾದರೆ ಗಟ್ಟಿ ಸೌದೆ ಬೇಕು. ಸುತ್ತಣ ಗುಡ್ಡಗಳಲ್ಲಿ ಮರವಿಲ್ಲದ ಊರಿನಲ್ಲಿ ಇಂಥ ಕಸುಬು ನೆಲೆಯೂರುತ್ತಿರಲಿಲ್ಲ. ಗಾಡಿಯ ಅಚ್ಚು, ಚಕ್ರ, ನೇಗಿಲು, ಕುಂಟೆ, ಕೂರಿಗೆ, ಎಣ್ಣೆ ಗಾಣ, ಮನೆಯ ತೊಲೆ ಕಂಬ ಇವೆಲ್ಲವೂ ಅದೇ ಗುಡ್ಡಗಳಿಂದ ಬರುತ್ತಿದ್ದವು.

ಇಂದು ಅದೇ ಗುಡ್ಡಗಳ ಬಹುಭಾಗದಲ್ಲಿ ತಂಗಡಿ, ಬಂದರೆ ಮತ್ತು ಲಂಟಾನ ಪೊದೆಗಳೇ ಕಾಣುತ್ತವೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಮರವಿಲ್ಲದ ಇಳಿಜಾರಿನ ಮೇಲೆ ಬಿದ್ದ ಈ ನೀರು ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರಿ, ವೇದಾವತಿಯ ಮೂಲಕ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತದೆ. 1907ರ ಹೊತ್ತಿಗೆ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನೀರಿನ ಜೊತೆಗೆ ಕಣಿವೆ ಸೇರಿದ ಹೂಳಿನಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳ ಮೇಲ್ಮಣ್ಣೂ ಇರುತ್ತದೆ ಎಂಬುದನ್ನು ರೈತರು ಮರೆಯುವಂತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮರ ಬೆಳೆಸುವ ಕೆಲಸಕ್ಕೆ ದಾನ ಕೊಡುವವರು ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಊರಿನ ಮಕ್ಕಳು ತೀರಿಕೊಂಡ ತಂದೆತಾಯಿಗಳ ಹೆಸರಿನಲ್ಲಿ, ಮದುವೆ ಅಥವಾ ಗೃಹಪ್ರವೇಶದ ನೆನಪಿಗೆ, ಹತ್ತಿಪ್ಪತ್ತು ಗಿಡ ನೆಡಿಸಬೇಕೆಂದು ಹಣ ಕಳಿಸುತ್ತಾರೆ. ಕಂಪನಿಗಳೂ ಸಂಘಸಂಸ್ಥೆಗಳೂ ಮುಂದೆ ಬರುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಈ ಹಣ ಯಾವ ಮರಕ್ಕೆ, ಯಾವ ಜಾಗದಲ್ಲಿ, ಎಷ್ಟು ವರ್ಷದವರೆಗೆ ಎಂಬುದನ್ನು ಊರಿನವರು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ, ಜೂನ್ ತಿಂಗಳಲ್ಲಿ ಫೋಟೋ ತೆಗೆಸಿಕೊಂಡ ಸಸಿ ಮಾರ್ಚ್ ಹೊತ್ತಿಗೆ ಒಣ ಕಡ್ಡಿಯಾಗುತ್ತದೆ.

ಸಸಿಯ ಬೆಲೆ ಮತ್ತು ಮರದ ಬೆಲೆ

ದಾನಿಗಳು ಸಾಮಾನ್ಯವಾಗಿ "ಒಂದು ಗಿಡಕ್ಕೆ ಎಷ್ಟು?" ಎಂದು ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ಹೆಚ್ಚು ಪ್ರಚಾರ ಪಡೆದ ಉದಾಹರಣೆ ಈಶ ಫೌಂಡೇಶನ್ 2019ರಲ್ಲಿ ಆರಂಭಿಸಿದ 'ಕಾವೇರಿ ಕೂಗು'. ಅದರಲ್ಲಿ ಸಾರ್ವಜನಿಕರಿಂದ ಗಿಡವೊಂದಕ್ಕೆ 42 ರೂಪಾಯಿಯಂತೆ ದಾನ ಕೇಳಲಾಯಿತು. ಕಾವೇರಿ ಪಾತ್ರದ ರೈತರು ತಮ್ಮ ಸ್ವಂತ ಜಮೀನಿನಲ್ಲಿ ನೆಡುವ ಯೋಜನೆ ಅದು. ಗುಂಡಿ, ನೀರು, ಬೇಲಿ, ಕಾವಲು ಇವನ್ನು ಜಮೀನಿನ ಒಡೆಯನೇ ನೋಡಿಕೊಳ್ಳುವಲ್ಲಿ ದಾನದ ಮೊತ್ತ ಚಿಕ್ಕದಾಗಿದ್ದರೂ ನಡೆಯುತ್ತದೆ. ಮತ್ತೋಡಿನಂಥ ಕಡೆ ಗೋಮಾಳದಲ್ಲೋ ಕೆರೆಯಂಗಳದ ಅಂಚಿನಲ್ಲೋ ನೆಟ್ಟರೆ ಆ ಖರ್ಚನ್ನು ಹೊರುವ ಒಡೆಯ ಯಾರೂ ಇರುವುದಿಲ್ಲ. ಅಲ್ಲಿ ಸಸಿಯ ಬೆಲೆಗೆ ದಾನ ಪಡೆದರೆ ಸಸಿ ಮಾತ್ರ ಸಿಗುತ್ತದೆ.

ನೂರು ಸಸಿಗಳ ಒಂದು ಸಣ್ಣ ತೋಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಸುಮಾರು 24 ವಾರ. ವಾರಕ್ಕೊಮ್ಮೆ ಗಿಡಕ್ಕೆ 10 ಲೀಟರ್, ಅಂದರೆ ಒಂದು ಕೊಡಕ್ಕಿಂತ ಕಡಿಮೆ ನೀರು ಕೊಟ್ಟರೂ ಗಿಡವೊಂದಕ್ಕೆ 240 ಲೀಟರ್ ಆಯಿತು. ನೂರು ಗಿಡಕ್ಕೆ 24,000 ಲೀಟರ್. 5,000 ಲೀಟರಿನ ಟ್ಯಾಂಕರ್ ಐದು ಸಲ ಬರಬೇಕು. ಎರಡನೆಯ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಇದರ ಅರ್ಧ ಸಾಕು. ಮೂರನೆಯ ಬೇಸಿಗೆಯಲ್ಲಿ ತೀರಾ ಬಾಡಿದ ಗಿಡಗಳಿಗೆ ಮಾತ್ರ ಕೊಡಬೇಕು. ಟ್ಯಾಂಕರ್ ನಿಲ್ಲುವ ಜಾಗದಿಂದ ಗಿಡದ ಬುಡದವರೆಗೆ ನೀರು ಹೊರುವವರ ಕೂಲಿ ಬೇರೆ. ಇದಕ್ಕೆ ಬೇಲಿ, ಸತ್ತ ಸಸಿಗಳ ಜಾಗಕ್ಕೆ ಮರುನೆಡುವಿಕೆ, ಮೇಕೆ ಮತ್ತು ಬೆಂಕಿಯ ಕಾವಲು ಸೇರಿಸಿದರೆ, ಸಸಿಯ ಬೆಲೆ ಒಟ್ಟು ಖರ್ಚಿನಲ್ಲಿ ಅತಿ ಚಿಕ್ಕ ಬಾಬತ್ತು ಎಂಬುದು ಯಾರಿಗಾದರೂ ತಿಳಿಯುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು 4 ಕಿ.ಮೀ. ದೂರ ಆಲದ ಸಾಲುಮರಗಳನ್ನು ಬೆಳೆಸಿದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿಗಳೂ ಕೊಡದಲ್ಲಿ ನೀರು ಹೊತ್ತೇ ಅವನ್ನು ಉಳಿಸಿಕೊಂಡರು.

ಈ ವಿಷಯದಲ್ಲಿ ಸರ್ಕಾರದ ಒಂದು ಯೋಜನೆಯ ಕ್ರಮವನ್ನು ದಾನಿಗಳೂ ಅನುಸರಿಸುವುದು ಒಳ್ಳೆಯದು. 2011-12ರಲ್ಲಿ ಆರಂಭವಾದ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನು ರಿಯಾಯಿತಿ ದರದಲ್ಲಿ ಸಸಿ ಕೊಂಡು ನೆಡುತ್ತಾನೆ. ಪ್ರೋತ್ಸಾಹಧನ ಸಿಗುವುದು ಬದುಕಿ ಉಳಿದ ಗಿಡಗಳಿಗೆ ಮಾತ್ರ. ಪರಿಷ್ಕೃತ ದರದಂತೆ ಉಳಿದ ಗಿಡವೊಂದಕ್ಕೆ ಮೊದಲ ವರ್ಷದ ಕೊನೆಯಲ್ಲಿ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ, ಒಟ್ಟು 125 ರೂಪಾಯಿ ಗೊತ್ತುಮಾಡಲಾಗಿದೆ. ಹೆಕ್ಟೇರಿಗೆ 400 ಗಿಡಗಳ ಮಿತಿಯಿದೆ. ಆಯಾ ವರ್ಷದ ದರವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಗಮನಿಸಬೇಕಾದ್ದು ಮೊತ್ತಕ್ಕಿಂತ ಹೆಚ್ಚಾಗಿ ಅದರ ಏರುಕ್ರಮ. ವರ್ಷ ಹೋದಂತೆ ಗಿಡದ ಬೆಲೆ ಏರುತ್ತದೆ.

ದಾನದ ಹಣಕ್ಕೂ ಹೀಗೆಯೇ ಕಂತು ಮಾಡಿಕೊಳ್ಳಬಹುದು. ಗುಂಡಿ, ಸಸಿ, ಬೇಲಿಗಳಿಗಾಗಿ ಸುಮಾರು ಅರ್ಧದಷ್ಟು ಹಣವನ್ನು ಮುಂಗಾರಿಗೆ ಮೊದಲೇ ಪಡೆಯಬೇಕಾಗುತ್ತದೆ. ಉಳಿದ ಅರ್ಧವನ್ನು ಮೂರು ಭಾಗ ಮಾಡಿ, ಪ್ರತಿ ಬೇಸಿಗೆ ಕಳೆದು ಮೃಗಶಿರ ಮಳೆಗೆ ಮುಂಚೆ ಗಿಡ ಎಣಿಸಿ, ಎಣಿಕೆಯ ಪಟ್ಟಿ ಕೈಗೆ ಬಂದ ಮೇಲೆ ದಾನಿಯು ಕಳಿಸುವಂತೆ ಒಪ್ಪಂದವಿರಬೇಕು. ಎಣಿಸುವ ದಿನ ಶಾಲೆಯ ಉಪಾಧ್ಯಾಯರೊಬ್ಬರು, ಪಂಚಾಯಿತಿ ಸದಸ್ಯರೊಬ್ಬರು ಜೊತೆಗಿದ್ದರೆ ಲೆಕ್ಕದ ಬಗ್ಗೆ ಮಾತು ಬರುವುದಿಲ್ಲ. ಹೀಗೆ ಹೇಳಿದರೆ ದಾನಿ ಬೇಸರಪಟ್ಟುಕೊಳ್ಳಬಹುದೆಂಬ ಅಂಜಿಕೆ ಬೇಡ. ಹಣ ಕೊಟ್ಟು ಮೂರು ವರ್ಷದ ನಂತರ ಊರಿಗೆ ಬಂದು ಖಾಲಿ ಗುಂಡಿ ನೋಡುವವನ ಬೇಸರ ಅದಕ್ಕಿಂತ ದೊಡ್ಡದು.

ಮರದ ಆಯ್ಕೆ ಊರಿನದೇ ಆಗಿರಬೇಕು

ಹೊರಗಿನ ಹಣ ಬಂದಾಗ ಹೊರಗಿನ ಮರವೂ ಜೊತೆಗೆ ಬರುವ ಅಪಾಯವಿದೆ. 1980ರ ದಶಕದ ಸಾಮಾಜಿಕ ಅರಣ್ಯ ಕಾರ್ಯಕ್ರಮದಲ್ಲಿ ಲಕ್ಷಾಂತರ ನೀಲಗಿರಿ ಸಸಿಗಳು ಬಯಲುಸೀಮೆಯ ಹೊಲಗಳಿಗೆ ಬಂದವು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಹೊಸದಾಗಿ ನೀಲಗಿರಿ ಬೆಳೆಸಬಾರದೆಂದು ರಾಜ್ಯ ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ, ಅಂದರೆ 34 ವರ್ಷಗಳ ನಂತರ. ಬೇಗ ಬೆಳೆಯುವ ಮರ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಚೇಗು ಕಟ್ಟುವ ನಾಡಮರ ಮೊದಲ ಮೂರು ವರ್ಷ ಮೊಳಕಾಲುದ್ದವೂ ಏಳದೆ ಇರಬಹುದು. ಇದನ್ನು ದಾನಿಗೆ ಮೊದಲೇ ತಿಳಿಸಿ ಹೇಳಬೇಕು.

ಹವಾಯಿ ದ್ವೀಪಗಳಲ್ಲಿ 'ಕೋವಾ' ಎಂಬ ಗಟ್ಟಿಮರವಿದೆ. ಅದು ಆ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ದನ ಮೇಯಿಸಲು ಕಾಡು ಕಡಿದು ಬರಿದಾದ ಗುಡ್ಡಗಳಲ್ಲಿ ಈಗ ಅದನ್ನು ಮತ್ತೆ ಬೆಳೆಸುತ್ತಿದ್ದಾರೆ. ಜನ ತಮ್ಮವರ ಹೆಸರಿನಲ್ಲಿ ಉಡುಗೊರೆಯಾಗಿ ಒಂದೊಂದು ಗಿಡಕ್ಕೆ ಹಣ ಕೊಡುತ್ತಾರೆ. ನೆಟ್ಟ ಗಿಡಕ್ಕೆ ಗುರುತಿಟ್ಟು ಲೆಕ್ಕ ಇಡಲಾಗುತ್ತದೆ. ಅಲ್ಲಿ ದಾನಿ ಮರ ಆರಿಸುವುದಿಲ್ಲ. ಆ ನೆಲದ ಮರ ಯಾವುದೋ ಅದಕ್ಕೇ ಹಣ ಕೊಡುತ್ತಾನೆ.

ಮತ್ತೋಡು ಸೀಮೆಯ ಒಣ ಕೆಂಪು ನೆಲ ಮತ್ತು ಕಲ್ಲುಗುಡ್ಡಗಳಿಗೆ ಮೊದಲು ನೆನೆಯಬೇಕಾದ ಮರ ಕಮರ. ಕೆಲವು ಕಡೆ ಇದಕ್ಕೆ ಕರಾಚಿ ಎನ್ನುತ್ತಾರೆ. ಎರಡೆರಡು ಎಲೆಗಳು ಜೋಡಿಯಾಗಿ ದನದ ಗೊರಸಿನ ಗುರುತಿನಂತೆ ಕಾಣುವುದರಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಇದರ ಚೇಗು ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಒಂದು. ನೀರಿಗೆ ಹಾಕಿದರೆ ಮುಳುಗುತ್ತದೆ. ಎಲೆ ದನಗಳಿಗೆ ಒಳ್ಳೆಯ ಮೇವು, ತೊಗಟೆಯ ನಾರು ಹಗ್ಗಕ್ಕೆ ಬರುತ್ತದೆ. ಕಮರದ ಸಸಿಯ ಸ್ವಭಾವ ತಿಳಿಯದವರು ಅದು ಸತ್ತಿತೆಂದು ಬೇಗ ತೀರ್ಮಾನಿಸುತ್ತಾರೆ. ಮೊದಲ ವರ್ಷಗಳಲ್ಲಿ ಅದರ ಶಕ್ತಿಯೆಲ್ಲ ತಾಯಿಬೇರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಮೇಲಿನ ಕಾಂಡ ಒಣಗಿ ಮಳೆಗೆ ಮತ್ತೆ ಬುಡದಿಂದ ಚಿಗುರುವುದುಂಟು. ಆದ್ದರಿಂದ ಎಣಿಕೆಯ ದಿನ ಒಣಗಿದ ಕಮರವನ್ನು ಕಿತ್ತು ನೋಡಬಾರದು. ಉಗುರಿನಿಂದ ಬುಡದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡಿದರೆ ಸಾಕು.

ಇದರ ಕಾಯಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಲಿಯುತ್ತದೆ. ಪ್ರತಿ ವರ್ಷವೂ ಹುಲುಸಾಗಿ ಕಾಯಿ ಬಿಡುವುದಿಲ್ಲ. ಬಿಟ್ಟ ವರ್ಷ ತಪ್ಪಿಸಿಕೊಳ್ಳಬಾರದು. ಹಳೆಯ ಬೀಜ ಸರಿಯಾಗಿ ಮೊಳೆಯದು, ಅದೇ ಮಳೆಗಾಲಕ್ಕೆ ಬಿತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇಟ್ಟರೆ ತಾಯಿಬೇರು ತಳದಲ್ಲಿ ಸುತ್ತಿಕೊಂಡು ಗಿಡ ಎಂದಿಗೂ ಚೇತರಿಸಿಕೊಳ್ಳುವುದಿಲ್ಲ. ಉದ್ದನೆಯ ಚೀಲ ಬಳಸಬೇಕು, ಇಲ್ಲವೇ ಗುಂಡಿಯಲ್ಲೇ ಎರಡು ಮೂರು ಬೀಜ ಊರಿ ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳಬೇಕು.

ಗಾಡಿಯ ಅಚ್ಚಿಗೆ ಹೆಸರಾದ ದಿಂಡಿಗ ಗುಡ್ಡದ ಇಳಿಜಾರಿಗೆ ಹೊಂದುತ್ತದೆ. ಅದರ ಬೀಜದಲ್ಲಿ ಬಹುಪಾಲು ಜೊಳ್ಳು. ಹೊಸದಾಗಿ ಸಸಿ ಮಾಡುವುದಕ್ಕಿಂತ ಗುಡ್ಡದಲ್ಲಿ ಕಡಿದುಹೋದ ಹಳೆಯ ಬುಡಗಳಿದ್ದರೆ ಬೇಲಿ ಹಾಕಿ, ಬಂದ ಚಿಗುರುಗಳಲ್ಲಿ ಒಂದೆರಡನ್ನು ಉಳಿಸಿ ಬೆಳೆಸುವುದು ಅಗ್ಗ, ಖಚಿತ. ದಾನಿಗಳಿಗೆ ಇಂಥ ಕೆಲಸ ರುಚಿಸುವುದು ಕಷ್ಟ, ಏಕೆಂದರೆ ನೆಟ್ಟ ಗಿಡ ತೋರಿಸಲಾಗದು. ಆದರೂ ಹಳೆಯ ಬೇರಿನ ಚಿಗುರನ್ನು ಕಾಯುವ ಕೂಲಿಗೆ ಕೊಟ್ಟ ಹಣ ಹೊಸ ಸಸಿಗೆ ಕೊಟ್ಟ ಹಣಕ್ಕಿಂತ ಹೆಚ್ಚು ಮರ ಕೊಡುತ್ತದೆ ಎಂದು ವಿಸ್ತರಣಾ ಕಾರ್ಯಕರ್ತರು ಅವರಿಗೆ ಬಿಡಿಸಿ ಹೇಳಬೇಕು.

ಕೆರೆಯಂಗಳ ಮತ್ತು ಜೌಗು ಅಂಚುಗಳಿಗೆ ಕರಿಜಾಲಿ ಸರಿ. ಬಳ್ಳಾರಿ ಜಾಲಿ ಎಂದು ಕರೆಯುವ ಪರದೇಶದ ಮುಳ್ಳುಮರ ಬೇರೆ, ಇದು ಬೇರೆ. ನರ್ಸರಿಯಲ್ಲಿ ಕೇಳುವಾಗ ಹೆಸರು ತಪ್ಪಬಾರದು. ಕರಿಜಾಲಿ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು ಬಿತ್ತಬೇಕು. ಮೇಕೆ ರೊಪ್ಪದಲ್ಲಿ ಹಿಕ್ಕೆಯ ಜೊತೆ ಬಿದ್ದ ಬೀಜ ಸಿಕ್ಕರೆ ಈ ಶ್ರಮವೂ ಬೇಡ. ಹೊನ್ನೆ ಒಳ್ಳೆಯ ಮರವಾದರೂ ಸ್ವಲ್ಪ ಹೆಚ್ಚು ಮಳೆ ಮತ್ತು ಆಳದ ಮಣ್ಣು ಕೇಳುತ್ತದೆ. ಹೊಳಲ್ಕೆರೆ ಕಡೆಯ ತಗ್ಗು ಜಮೀನುಗಳಲ್ಲಿ, ಹಳ್ಳದ ಬದುಗಳಲ್ಲಿ ಪ್ರಯತ್ನಿಸಬಹುದು. ಕಲ್ಲುಮರಡಿಯಲ್ಲಿ ನೆಟ್ಟು ಹಣ ಕಳೆಯಬಾರದು. ಹುಣಸೆ, ಬೇವುಗಳನ್ನು ಜೊತೆಗೆ ಸೇರಿಸಿದರೆ ಬೀಜ, ಹಣ್ಣುಗಳ ಆದಾಯ ಬೇಗ ಬರುತ್ತದೆ. ಬೇವಿನ ಬೀಜ ಎರಡು ಮೂರು ವಾರಕ್ಕೇ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಆರಿಸಿದ ಕೂಡಲೇ ಬಿತ್ತಬೇಕು.

ಶ್ರೀಗಂಧ ಹಾಕಿಸಬೇಕೆಂದು ಕೆಲವು ದಾನಿಗಳು ಆಸೆಪಡುತ್ತಾರೆ. 2001ರ ತಿದ್ದುಪಡಿಯ ನಂತರ ಜಮೀನಿನ ಒಡೆಯನೇ ತನ್ನ ನೆಲದ ಗಂಧದ ಮರಕ್ಕೂ ಒಡೆಯ. ಆದರೆ ಗಂಧವು ಬೇರೆ ಗಿಡಗಳ ಬೇರಿಗೆ ತನ್ನ ಬೇರು ತಾಗಿಸಿ ಆಹಾರ ಹೀರುವ ಮರ. ಮೊದಲು ತೊಗರಿ, ನಂತರ ಹೊಂಗೆಯಂಥ ಆಸರೆ ಗಿಡ ಬೇಕೇ ಬೇಕು. ಚೇಗು ಕಟ್ಟಿದ ಮೇಲೆ ಕಳ್ಳರ ಕಾಟ ಹೇಳತೀರದು. ರೈತನು ಸ್ವಂತ ತೋಟದಲ್ಲಿ ಬೆಳೆಯಲಿ. ಸಾರ್ವಜನಿಕ ದಾನದ ತೋಪಿಗೆ ಅದು ಹೊಂದುವುದಿಲ್ಲ.

ನೆಡುವ ಜಾಗ

ಸ್ವಂತ ಹೊಲದ ಬದು, ಊರಿನ ಗೋಮಾಳ, ಕೆರೆಯ ಸುತ್ತ, ದೇವಸ್ಥಾನದ ಮಾನ್ಯದ ಜಮೀನು, ಶಾಲೆಯ ಆವರಣ ಇವುಗಳಲ್ಲಿ ಬದುವೇ ಎಲ್ಲಕ್ಕಿಂತ ಭದ್ರ. ಸಾವೆ, ರಾಗಿ, ಕಡಲೆಕಾಯಿ ಹೊಲದ ಬದುವಿನಲ್ಲಿ 5 ಮೀಟರಿಗೊಂದು ಗಿಡವಿದ್ದರೆ ಬೆಳೆಗೆ ಹೆಚ್ಚು ನೆರಳಾಗದು. ಕೆಳಗಿನ ಕೊಂಬೆಗಳನ್ನು ಸವರುತ್ತಿರಬೇಕು. ತೋಪು ಮಾಡುವಲ್ಲಿ 5 ಮೀಟರ್ ಚೌಕದ ಅಂತರದಂತೆ ಎಕರೆಗೆ 160 ಗಿಡ ಹಿಡಿಯುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲ್ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು. ಇಳಿಜಾರಿನಲ್ಲಿ ಗಿಡದ ಕೆಳಮಗ್ಗುಲಿಗೆ ಅರ್ಧಚಂದ್ರಾಕಾರದ ಬದು ಹಾಕಿದರೆ ಹರಿದು ಬಂದ ನೀರು ಬುಡದಲ್ಲಿ ನಿಲ್ಲುತ್ತದೆ. ಈ ಸೀಮೆಯಲ್ಲಿ ಜೂನ್ ಮಳೆಯ ನಂತರ ಬಿಡುವು ಬರುವುದು ಸಾಮಾನ್ಯ. ಮೊಳಕೈ ಆಳ ಮಣ್ಣು ನೆನೆದ ಮೇಲೆಯೇ ನೆಡಬೇಕು. ಸಮಾರಂಭದ ದಿನಾಂಕಕ್ಕಾಗಿ ಒಣ ಗುಂಡಿಯಲ್ಲಿ ನೆಡಬಾರದು. ಬುಡಕ್ಕೆ ತಂಗಡಿ, ಹೊಂಗೆ ಸೊಪ್ಪಿನ ಹೊದಿಕೆ ಕೊಡಬೇಕು. ಜನವರಿ ಕಳೆಯುವುದರೊಳಗೆ ತೋಪಿನ ಸುತ್ತ ಹುಲ್ಲು ಕೆತ್ತಿ ಬೆಂಕಿ ದಾರಿ ಮಾಡಬೇಕು.

ಗೋಮಾಳವಾದರೆ ಗ್ರಾಮ ಪಂಚಾಯಿತಿಯ ನಿರ್ಣಯ ಮತ್ತು ತಹಶೀಲ್ದಾರರ ಲಿಖಿತ ಒಪ್ಪಿಗೆ ಇಲ್ಲದೆ ದಾನದ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಕುರಿಗಾರರನ್ನೂ ಆ ಸಭೆಗೆ ಕರೆದು, ಮೇವಿಗೆ ಯಾವ ಭಾಗ ಬಿಡುವುದೆಂದು ಅವರ ಎದುರಿನಲ್ಲೇ ಗೊತ್ತುಮಾಡಬೇಕು. ಅವರನ್ನು ಹೊರಗಿಟ್ಟು ಹಾಕಿದ ಬೇಲಿ ಒಂದು ಬೇಸಿಗೆಯನ್ನೂ ಕಾಣುವುದಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲುಗಳಿವೆ. ಅವು ಮರ ಕಳೆದುಕೊಂಡು ಬರಿದಾದ ಕಾಡೆಂದು ಹೊರಗಿನವರು ತಿಳಿಯುತ್ತಾರೆ. ಹುಲ್ಲೇ ಅಲ್ಲಿಯ ಸಂಪತ್ತು. ಅಲ್ಲಿ ಗುಂಡಿ ತೋಡಿ ಮರ ನೆಡಲು ದಾನ ಬಂದರೆ ವಿನಯದಿಂದ ಬೇಡವೆಂದು, ಬೇರೆ ಜಾಗ ತೋರಿಸಬೇಕು.

ಹಣ ಪಡೆಯುವಾಗ

ಊರಿನಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಿದ ಸಂಘದ ಬ್ಯಾಂಕ್ ಖಾತೆಯ ಮೂಲಕ ದಾನ ಪಡೆಯಬೇಕು. ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಂಡರೆ ಮುಂದೆ ಸ್ನೇಹವೂ ಉಳಿಯದು, ಮರವೂ ಉಳಿಯದು. 80ಜಿ ಎಂದು ಜನ ಕರೆಯುವ ಆದಾಯ ತೆರಿಗೆ ರಿಯಾಯಿತಿಯನ್ನು ದಾನಿ ಕೇಳಿದರೆ, ಅದಕ್ಕೆ ಆದಾಯ ತೆರಿಗೆ ಇಲಾಖೆಯ ಮನ್ನಣೆ ಪಡೆದ ಸಂಸ್ಥೆಯ ರಸೀತಿಯೇ ಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆ ರಿಯಾಯಿತಿ ಇಲ್ಲ.

ಹೊರದೇಶದಲ್ಲಿರುವ ಊರಿನವರು ಕಳಿಸುವ ಹಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರು ತಮ್ಮ ಸ್ವಂತ ಸಂಪಾದನೆಯಿಂದ ಕೊಟ್ಟರೆ ಅದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಅವರು ಮತ್ತೋಡಿನಲ್ಲೇ ಹುಟ್ಟಿದವರಾದರೂ, ಕೊಡುವ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ ಒಳಪಡುತ್ತದೆ. ಆ ಕಾಯಿದೆಯಲ್ಲಿ ನೋಂದಣಿ ಇಲ್ಲದ ಹಳ್ಳಿ ಸಂಘ ಅದನ್ನು ಮುಟ್ಟಬಾರದು.

ಒಂದು ರಿಜಿಸ್ಟರಿನಲ್ಲಿ ಗಿಡದ ಸಂಖ್ಯೆ, ಜಾತಿ, ನೆಟ್ಟ ದಿನ, ದಾನಿಯ ಹೆಸರು, ವರ್ಷವರ್ಷದ ಎಣಿಕೆ ಬರೆಯಬೇಕು. ಸತ್ತ ಗಿಡವನ್ನೂ ಕಾರಣ ಸಮೇತ ಬರೆಯಬೇಕು: ಮೇಕೆ ತಿಂದದ್ದೋ, ಗೆದ್ದಲೋ, ನೀರು ತಪ್ಪಿದ್ದೋ ಎಂದು. ಮುಂದಿನ ವರ್ಷದ ಹಣವನ್ನು ಬೇಲಿಗೆ ಹಾಕಬೇಕೋ ನೀರಿಗೆ ಹಾಕಬೇಕೋ ಎಂಬುದು ಈ ಪಟ್ಟಿಯಿಂದಲೇ ತಿಳಿಯುತ್ತದೆ.

ಮರ ಯಾರಿಗೆ ಸೇರಿದ್ದೆಂಬುದನ್ನೂ ಮೊದಲ ದಿನವೇ ಬರೆದಿಡಬೇಕು. ಬದುವಿನ ಮರ ರೈತನದು; ದಾನ ಕೊಟ್ಟವನಿಗೆ ಅದರ ಮೇಲೆ ಹಕ್ಕಿಲ್ಲ, ಹೆಸರಿನ ಫಲಕ ಮಾತ್ರ. ಕಮರ, ದಿಂಡಿಗಗಳ ಚೇಗು ಬಲಿಯಲು ಐವತ್ತು ಅರವತ್ತು ವರ್ಷ ಹಿಡಿಯಬಹುದು. ಆ ಹೊತ್ತಿಗೆ ನೆಟ್ಟವರೂ ಇರುವುದಿಲ್ಲ, ಕೊಟ್ಟವರೂ ಇರುವುದಿಲ್ಲ, ಕಾಗದ ಇರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಇಂಥ ಮರ ಕಡಿಯುವ ಮೊದಲು ಅರಣ್ಯಾಧಿಕಾರಿಯ ಅನುಮತಿ ಕೇಳಬೇಕಾಗಿ ಬರಬಹುದು. ನೆಟ್ಟ ವರ್ಷದ ದಾಖಲೆ, ಪಹಣಿಯಲ್ಲಿ ಮರಗಳ ನಮೂದು ಇದ್ದರೆ ಆಗ ಮೊಮ್ಮಕ್ಕಳಿಗೆ ಓಡಾಟ ತಪ್ಪುತ್ತದೆ.

ಅರಣ್ಯ ಇಲಾಖೆಯ ನರ್ಸರಿಗಳು ಬೇಡಿಕೆ ಇದ್ದ ಜಾತಿಯನ್ನೇ ಹೆಚ್ಚು ಬೆಳೆಸುತ್ತವೆ. ಕಮರ, ಕರಿಜಾಲಿ ಬೇಕೆಂದು ಜೂನ್ ತಿಂಗಳಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ. ಮುಂದಿನ ಮುಂಗಾರಿಗೆ ಎಷ್ಟು ಸಸಿ, ಯಾವ ಜಾತಿ ಎಂಬ ಪಟ್ಟಿಯನ್ನು ಡಿಸೆಂಬರಿನೊಳಗೆ ಹೊಸದುರ್ಗದ ವಲಯ ಅರಣ್ಯ ಕಚೇರಿಗೆ ಬರೆದು ಕೊಡಬೇಕು. ಮಣ್ಣು ಮತ್ತು ಅಂತರ ಬೆಳೆಯ ವಿಷಯದಲ್ಲಿ ಸಂದೇಹವಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಊರಿನಲ್ಲಿ ಹಳೆಯ ಕಮರದ ಮರವೇನಾದರೂ ಉಳಿದಿದ್ದರೆ ಅದಕ್ಕೆ ಸುಣ್ಣದ ಗುರುತು ಹಾಕಿ, ಕಾಯಿ ಬಲಿಯುವ ಏಪ್ರಿಲ್ ತಿಂಗಳಲ್ಲಿ ಅದರ ಕೊಂಬೆ ಸವರದಂತೆ ಕುರಿಗಾರರಿಗೆ ಹೇಳಿಡಬೇಕು.